ಬೇಲಿಯೇ ಎದ್ದು ಹೊಲ ಮೇಯ್ದಾಗ: ನಕಲಿ ಆಂಟಿವೈರಸ್ ಮೋಸವೂ ನಮ್ಮ ಮೌನವೂ



ಈ ಸಂಚಿಕೆಗೆ ಮದುವೆ ಸೀಸನ್‌ನ ಊಟದ ರೇಟುಗಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತೇನೆ. ಈ ಬಾರಿ ನನ್ನದೇ ಆಫೀಸಿನಲ್ಲಿ ನಡೆದ ಒಂದು ಸಂಗತಿಯನ್ನು ನಾಚಿಕೆ ಬಿಟ್ಟು ಹೇಳಿಕೊಳ್ಳುತ್ತಿದ್ದೇನೆ. ಹೇಳಿಕೊಳ್ಳಬೇಕೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದೆ. ನಾನು ಬಾಯಿಮುಚ್ಚಿಕೊಂಡರೆ ಲಾಭವಾಗುವುದು ಕಳ್ಳನಿಗೆ ಮಾತ್ರ ಎಂದು ಕೊನೆಗೆ ಮನವರಿಕೆಯಾಯಿತು.

ಕಳೆದ ಸೀಸನ್‌ನಲ್ಲಿ ಒಂದು ಭಾನುವಾರ ನಮಗೆ ಏಳುನೂರು ಎಲೆಯ ಮದುವೆ ಊಟವಿತ್ತು. ಶುಕ್ರವಾರ ನಾನು ಭಟ್ರ ಜೊತೆ ದಿನಸಿಯ ಪಟ್ಟಿ ಹಿಡಿದುಕೊಂಡು ವಾಶಿಯ ಮಾರ್ಕೆಟ್ಟಿಗೆ ಹೋಗಿದ್ದೆ. ಆಫೀಸಿನಲ್ಲಿ ಇದ್ದವನು ಒಬ್ಬನೇ ಹುಡುಗ. ಊರ ಕಡೆಯವನು, ಬಿ.ಕಾಂ. ಮುಗಿಸಿ ನಮ್ಮಲ್ಲಿ ಬಿಲ್ಲು, ಕೊಟೇಶನ್, ಜಿಎಸ್‌ಟಿ ಎಲ್ಲ ನೋಡಿಕೊಳ್ಳುವವನು. ಬಹಳ ನಂಬಿಕಸ್ಥ. ಮೆನು ಕಾರ್ಡಿಗೆ ಚಂದದ ಕನ್ನಡ ಅಕ್ಷರ ಬೇಕೆಂದು ಯಾವುದೋ ವೆಬ್‌ಸೈಟಿನಲ್ಲಿ ಪುಕ್ಕಟೆ ಫಾಂಟ್ ಹುಡುಕುತ್ತಿದ್ದನಂತೆ. ಇದ್ದಕ್ಕಿದ್ದಂತೆ ಪರದೆಯೆಲ್ಲ ಕೆಂಪಾಯಿತು. ಸೈರನ್ ಕೂಗಿತು. ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ಬ್ಯಾಂಕಿನ ಮಾಹಿತಿ ಸೋರಿಹೋಗುತ್ತಿದೆ, ಕಂಪ್ಯೂಟರ್ ಬಂದ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂದು ಹೆಂಗಸಿನ ದನಿಯೊಂದು ಹೇಳತೊಡಗಿತು. ಮೌಸ್ ಆಡಿಸಿದರೂ ಪರದೆ ಹೋಗಲಿಲ್ಲ.

ಹುಡುಗ ಫೋನ್ ಮಾಡಿದ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತನಾಡಿದನಂತೆ. ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಆ್ಯಪ್ ಹಾಕಿಸಿಕೊಂಡ. ಒಳಗೆ ಬಂದು ಕೆಂಪು, ಹಳದಿ ಗುರುತುಗಳ ಉದ್ದನೆಯ ಪಟ್ಟಿಯೊಂದನ್ನು ತೆರೆದು, ‘ನೋಡಿ, ಎಲ್ಲ ಹಾಳಾಗಿದೆ’ ಎಂದ. ಮೂರು ವರ್ಷದ ಆಂಟಿವೈರಸ್ ಲೈಸೆನ್ಸಿಗೆ 6,499 ರೂಪಾಯಿ ಹೇಳಿದ. ತರಕಾರಿಯವರಿಗೆ, ಹಾಲಿನವರಿಗೆ ದುಡ್ಡು ಕಳಿಸುವುದಿದ್ದುದರಿಂದ ನೆಟ್‌ಬ್ಯಾಂಕಿಂಗ್ ತೆರೆದೇ ಇತ್ತು. ‘ಲೈಸೆನ್ಸ್ ಚಾಲೂ ಮಾಡಲು ನಂಬರ್ ಬರುತ್ತದೆ, ಹೇಳಿ’ ಎಂದಾಗ ಹುಡುಗ ಆಫೀಸಿನ ಮೊಬೈಲಿಗೆ ಬಂದ ಒಟಿಪಿಯನ್ನು ಮೂರು ಸಲ ಓದಿ ಹೇಳಿದ. 6,499ರ ಜೊತೆ ಪಾರ್ಟಿಯವರು ಕೊಟ್ಟ ಅಡ್ವಾನ್ಸಿನಿಂದ 1,84,000 ರೂಪಾಯಿ ಎರಡು ಕಂತಿನಲ್ಲಿ ಹೊರಟುಹೋಯಿತು.

ಇಷ್ಟು ಮಾತ್ರವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನನ್ನನ್ನು ಕೊರೆಯುತ್ತಿರುವುದು ಮುಂದಿನದು. ಅರ್ಧ ಗಂಟೆಯಲ್ಲೇ ಹುಡುಗನಿಗೆ ಮೋಸ ತಿಳಿಯಿತು. ಆದರೂ ಅವನು ನನಗೆ ಹೇಳಲಿಲ್ಲ. ಶುಕ್ರವಾರ ಹೇಳಲಿಲ್ಲ, ಶನಿವಾರ ಹೇಳಲಿಲ್ಲ. ಭಾನುವಾರ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ನಿಂತು ಬಡಿಸುವವರನ್ನು ನೋಡಿಕೊಳ್ಳುತ್ತಿದ್ದ, ಆಗಲೂ ಹೇಳಲಿಲ್ಲ. ಸೋಮವಾರ ತರಕಾರಿ ವ್ಯಾಪಾರಿ ‘ಪೇಮೆಂಟ್ ಬಂದಿಲ್ಲ’ ಎಂದು ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಬ್ಯಾಂಕಿಗೆ ಓಡಿದೆವು, ಪೊಲೀಸರಿಗೆ ದೂರು ಕೊಟ್ಟೆವು. ದುಡ್ಡು ಅಷ್ಟರಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಕೈಗೆ ಸಿಗದ ಹಾಗೆ ಆಗಿತ್ತು.

‘ಯಾಕೋ ಹೇಳಲಿಲ್ಲ ಮಾರಾಯ?’ ಎಂದು ಕೇಳಿದೆ.

‘ಧಣಿ, ನೀವು ಬೈತೀರಿ ಅಂತ ಹೆದ್ರಿಕೆ ಆಯ್ತು. ಸಂಬಳದಲ್ಲಿ ಹಿಡೀತೀರಿ ಅಂತ ಅನ್ನಿಸ್ತು’ ಎಂದ.

ಅವನ ಹೆದರಿಕೆ ಸುಳ್ಳಲ್ಲ. ಆರು ತಿಂಗಳ ಹಿಂದೆ ಒಬ್ಬ ಸಹಾಯಕ ಒಂದು ಕೊಪ್ಪರಿಗೆ ಪಾಯಸದ ತಳ ಹಿಡಿಸಿದ್ದಕ್ಕೆ ನಾನು ಎಲ್ಲರೆದುರು ಕೂಗಾಡಿ ಸಂಬಳ ಕತ್ತರಿಸಿದ್ದೆ. ಇವನು ಅದನ್ನು ಕಣ್ಣಾರೆ ನೋಡಿದ್ದ.

ಇದು ಹೊಸ ಕಸುಬಲ್ಲ

ಆಮೇಲೆ ನಾನು ತಿಳಿದವರನ್ನು ಕೇಳಿ, ಒಂದಿಷ್ಟು ಓದಿ ನೋಡಿದೆ. ಈ ಮೋಸಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ‘ವಿನ್‌ಫಿಕ್ಸರ್’, ‘ವಿನ್‌ಆಂಟಿವೈರಸ್’, ‘ಡ್ರೈವ್‌ಕ್ಲೀನರ್’, ‘ಎಕ್ಸ್‌ಪಿ ಆಂಟಿವೈರಸ್’ ಎಂಬ ಹೆಸರುಗಳು ಹಳೆಯ ಕಂಪ್ಯೂಟರ್ ಬಳಸಿದವರಿಗೆ ನೆನಪಿರಬಹುದು. ಇವು ಕಂಪ್ಯೂಟರನ್ನು ಹುಡುಕಿದ ನಾಟಕವಾಡಿ, ಇಲ್ಲದ ವೈರಸ್‌ಗಳನ್ನು ತೋರಿಸಿ, ತೆಗೆಯಲು 39.95 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೇಳುತ್ತಿದ್ದವು. ಇದರ ಹಿಂದಿದ್ದ ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿ ಬೆಲೀಜ್ ದೇಶದಲ್ಲಿ ನೋಂದಣಿಯಾಗಿ ಉಕ್ರೇನಿನ ಕೀವ್ ನಗರದಲ್ಲಿ ಆಫೀಸು ಇಟ್ಟುಕೊಂಡಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ಮೋಸ ಹೋಗಿದ್ದಾರೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಕೋರ್ಟಿಗೆ ಹೋಯಿತು. 2012ರಲ್ಲಿ 16 ಕೋಟಿ 30 ಲಕ್ಷ ಡಾಲರಿನ ತೀರ್ಪು ಬಂತು.

‘ನಾವು ಒಳ್ಳೆಯ ಸೈಟುಗಳನ್ನು ಮಾತ್ರ ನೋಡುತ್ತೇವೆ’ ಎನ್ನುವವರಿದ್ದಾರೆ. 2009ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವೆಬ್‌ಸೈಟಿನಲ್ಲೇ ಜಾಹೀರಾತಿನ ವೇಷದಲ್ಲಿ ನಕಲಿ ಆಂಟಿವೈರಸ್ ಕಾಣಿಸಿಕೊಂಡಿತ್ತು. ‘ಆ್ಯಪಲ್ ಕಂಪ್ಯೂಟರಿಗೆ ಏನೂ ಆಗುವುದಿಲ್ಲ’ ಎನ್ನುವವರಿಗೆ 2011ರಲ್ಲಿ ‘ಮ್ಯಾಕ್ ಡಿಫೆಂಡರ್’ ಎಂಬ ನಕಲಿ ಬಂದು ಉತ್ತರ ಕೊಟ್ಟಿತು.

ಅಂಗಡಿಯವರೂ ಇದನ್ನು ಮಾಡಿದ್ದುಂಟು. ಅಮೆರಿಕದ ಆಫೀಸ್ ಡಿಪೋ ಎಂಬ ದೊಡ್ಡ ಸ್ಟೇಶನರಿ ಅಂಗಡಿಗಳ ಸರಣಿಯಲ್ಲಿ ‘ಪುಕ್ಕಟೆ ಪಿಸಿ ತಪಾಸಣೆ’ ಇತ್ತು. ಗಿರಾಕಿಗೆ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವಾಗಿದೆಯೇ, ವೈರಸ್ ಎಚ್ಚರಿಕೆ ಬಂದಿದೆಯೇ, ಹೀಗೆ. ಯಾವುದಾದರೂ ಒಂದಕ್ಕೆ ಹೌದು ಎಂದು ಗುರುತು ಹಾಕಿದರೆ ಸಾಕು, ತಪಾಸಣೆ ಏನೇ ಕಂಡಿದ್ದರೂ ‘ವೈರಸ್ ಲಕ್ಷಣಗಳಿವೆ’ ಎಂದೇ ಫಲಿತಾಂಶ. ಆಮೇಲೆ ನೂರಾರು ಡಾಲರಿನ ರಿಪೇರಿ. 2016ರ ನವೆಂಬರಿನಲ್ಲಿ ಅಲ್ಲಿನ ನೌಕರನೊಬ್ಬ ಸಿಯಾಟಲ್‌ನ ಟಿವಿ ಚಾನೆಲ್ಲಿನ ಮುಂದೆ ಬಾಯಿಬಿಟ್ಟ. ಆ ತಿಂಗಳೇ ತಪಾಸಣೆ ನಿಂತಿತು. 2019ರ ಮಾರ್ಚಿನಲ್ಲಿ ಆ ಕಂಪನಿಯೂ ಅದಕ್ಕೆ ಸಾಫ್ಟ್‌ವೇರ್ ಕೊಟ್ಟವರೂ ಸೇರಿ ಮೂರೂವರೆ ಕೋಟಿ ಡಾಲರ್ ಕಟ್ಟಲು ಒಪ್ಪಿದರು. ಮರುವರ್ಷ ಐದು ಲಕ್ಷಕ್ಕೂ ಹೆಚ್ಚು ಗಿರಾಕಿಗಳಿಗೆ ದುಡ್ಡು ವಾಪಸು ಹೋಯಿತು.

ಹೇಳಲು ಬೇಸರವಾಗುತ್ತದೆ, ಈ ಕಸುಬಿಗೆ ನಮ್ಮ ದೇಶದ ಹೆಸರೂ ಅಂಟಿಕೊಂಡಿದೆ. 2012ರ ಅಕ್ಟೋಬರಿನಲ್ಲಿ ಅಮೆರಿಕದವರು ಇಂಥ ‘ಟೆಕ್ ಸಪೋರ್ಟ್’ ಗುಂಪುಗಳ ಮೇಲೆ ಆರು ಮೊಕದ್ದಮೆ ಹಾಕಿದಾಗ ಹೆಚ್ಚಿನವುಗಳ ಬುಡ ಭಾರತದಲ್ಲೇ ಇತ್ತು. ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳ ಹೆಸರು ಹೇಳಿ ಫೋನ್ ಮಾಡಿ 49ರಿಂದ 450 ಡಾಲರಿನವರೆಗೆ ಕೀಳುತ್ತಿದ್ದರು. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂದು ಹಲವು ರಾಜ್ಯಗಳಲ್ಲಿ ಶೋಧ ಮಾಡಿದಾಗಲೂ ಇಂಥ ಕಾಲ್ ಸೆಂಟರುಗಳ ಮೇಲೆ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ದೂರುಗಳಿದ್ದವು. ಅಲ್ಲಿ ಮೋಸ ಹೋದವರು ವಿದೇಶದವರು. ಆದರೆ ಅದೇ ಪಾಠ ಕಲಿತವರು ಈಗ ನಮ್ಮ ಗಲ್ಲಾದ ಹತ್ತಿರವೂ ಬಂದಿದ್ದಾರೆ.

ಮೋಸದ ಒಳಗುಟ್ಟು

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಹೀಗೆ. ಒಬ್ಬ ಅಪರಿಚಿತ ನಿಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆಯೇ, ‘ನಿಮ್ಮ ಉಗ್ರಾಣದಲ್ಲಿ ಇಲಿ ಸತ್ತಿದೆ, ಕೀಲಿಕೈ ಕೊಡಿ, ತೆಗೆದುಕೊಡುತ್ತೇನೆ’ ಎನ್ನುತ್ತಾನೆ. ನಾವು ಕೊಡುತ್ತೇವೆಯೇ? ‘ನಿನಗೆ ಹೇಗಪ್ಪಾ ಗೊತ್ತಾಯಿತು’ ಎಂದು ಕೇಳುತ್ತೇವೆ. ಕಂಪ್ಯೂಟರಿನ ಮುಂದೆ ಕೂತಾಗ ಆ ಪ್ರಶ್ನೆ ನಮಗೆ ಹೊಳೆಯುವುದಿಲ್ಲ.

ಆ ಕೆಂಪು ಪರದೆ ಕಂಪ್ಯೂಟರಿನ ಒಳಗಿನಿಂದ ಬಂದದ್ದಲ್ಲ, ಅದು ಬರೀ ಒಂದು ವೆಬ್ ಪುಟ. ಪೂರ್ತಿ ಪರದೆ ತುಂಬಿಕೊಂಡು ಹೆದರಿಸುತ್ತದೆ ಅಷ್ಟೆ. ವೆಬ್ ಪುಟವೊಂದು ನಿಮ್ಮ ಹಾರ್ಡ್ ಡಿಸ್ಕನ್ನೆಲ್ಲ ಹುಡುಕಿ ವೈರಸ್ ಲೆಕ್ಕ ಹೇಳಲಾರದು. ಅಲ್ಲಿ ಓಡುವ ‘ಸ್ಕ್ಯಾನ್’ ಸಿನಿಮಾದ ಹಾಗೆ ಮೊದಲೇ ಮಾಡಿಟ್ಟ ಚಿತ್ರ. ನಮ್ಮ ಹುಡುಗನಿಗೆ ತೋರಿಸಿದ ಕೆಂಪು, ಹಳದಿ ಪಟ್ಟಿ ವಿಂಡೋಸ್‌ನ ‘ಇವೆಂಟ್ ವ್ಯೂವರ್’. ಸರಿಯಾಗಿರುವ ಕಂಪ್ಯೂಟರಿನಲ್ಲೂ ಅಂಥ ಗುರುತುಗಳು ಇದ್ದೇ ಇರುತ್ತವೆ. ಸಣ್ಣಪುಟ್ಟ ಎಡವಟ್ಟನ್ನೆಲ್ಲ ಬರೆದಿಡುವ ದಿನಚರಿ ಅದು. ಇನ್ನೊಂದು ಮಾತು: ಅಸಲಿ ವಿಂಡೋಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ನಂಬರ್ ಕಂಡಿತೆಂದರೆ ಅದು ಕಳ್ಳನದು. ಇಷ್ಟೊಂದು ವಾಕ್ಯ ಗೊತ್ತಿದ್ದಿದ್ದರೆ ನಮ್ಮ ದುಡ್ಡು ಉಳಿಯುತ್ತಿತ್ತು.

ಅವರ ಬಂಡವಾಳ ನಮ್ಮ ಮೌನ

ಓದಿದ್ದರಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಅಧ್ಯಯನ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರಿಗೆ ಇಂಥ ಮೂರು ನಕಲಿ ಆಂಟಿವೈರಸ್ ಗುಂಪುಗಳ ಲೆಕ್ಕಪುಸ್ತಕವೇ ಸಿಕ್ಕಿತ್ತು. 2011ರಲ್ಲಿ ಅದನ್ನು ಪ್ರಕಟಿಸಿದರು. ಮೂರೂ ಸೇರಿ ಗಳಿಸಿದ್ದು 13 ಕೋಟಿ ಡಾಲರಿಗೂ ಹೆಚ್ಚು. ಬಲೆಗೆ ಬಿದ್ದ ನೂರು ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟವರು ಸುಮಾರು ಎರಡೇ ಜನ. ಆದರೂ ಅಷ್ಟು ಗಳಿಕೆ!

ಅದರಲ್ಲೂ ಮುಖ್ಯವಾದದ್ದು ಇದು. ಮೋಸ ಹೋದವರು ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ಕಾರ್ಡ್ ಕಂಪನಿ ಆ ದುಡ್ಡನ್ನು ವಾಪಸು ಎಳೆಯುತ್ತದೆ. ಇಂಥ ದೂರುಗಳು ಒಂದು ಮಿತಿ ದಾಟಿದರೆ ಗುಂಪಿನ ಖಾತೆಯೇ ಬಂದ್. ಆದ್ದರಿಂದ ಕಳ್ಳರು ದೂರುಗಳ ಲೆಕ್ಕ ಇಟ್ಟುಕೊಂಡು, ಮಿತಿ ಹತ್ತಿರ ಬಂದಾಗ ತಕರಾರು ಮಾಡಿದವರಿಗೆ ತಾವಾಗಿಯೇ ದುಡ್ಡು ಹಿಂದಿರುಗಿಸುತ್ತಿದ್ದರಂತೆ. ಅಂದರೆ ಕಳ್ಳ ಹೆದರುವುದು ದೂರು ಕೊಡುವವನಿಗೆ. ‘ಆದದ್ದಾಯಿತು, ಮರ್ಯಾದೆ ಯಾಕೆ ಕಳೆದುಕೊಳ್ಳುವುದು’ ಎಂದು ಸುಮ್ಮನಿರುವವರೇ ಅವನ ಬಂಡವಾಳ.

ಈಗ ನಮ್ಮ ಸಂಘದ ಕಡೆ ನೋಡೋಣ. ನಮ್ಮಲ್ಲಿ ಎಷ್ಟು ಜನ ಹೀಗೆ ಕಳೆದುಕೊಂಡಿದ್ದಾರೆ? ಯಾರಿಗೂ ಗೊತ್ತಿಲ್ಲ, ಯಾರೂ ಹೇಳಿಕೊಂಡಿಲ್ಲ. ನನ್ನ ಕತೆ ಹೇಳಿದ ಮೇಲೆ ಇಬ್ಬರು ಸದಸ್ಯರು ಮೆಲ್ಲಗೆ ಪಕ್ಕಕ್ಕೆ ಕರೆದು ‘ನಮಗೂ ಆಗಿತ್ತು’ ಎಂದರು. ಒಬ್ಬರಿಗೆ ನನಗಿಂತ ಒಂದು ವರ್ಷ ಮೊದಲೇ ಆಗಿತ್ತು. ಅವರು ಆಗಲೇ ಒಂದು ಮಾತು ಹೇಳಿದ್ದರೆ ನಾನು ನನ್ನ ಹುಡುಗನಿಗೆ ಹೇಳಿರುತ್ತಿದ್ದೆ. ಅವರನ್ನು ದೂರುತ್ತಿಲ್ಲ. ನಾನೂ ಎರಡು ತಿಂಗಳು ಸುಮ್ಮನಿದ್ದವನೇ.

ತಡವಾದರೆ ನಷ್ಟ ಎಷ್ಟು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯನ್ನೇ ನೋಡಿ. ಗ್ರಾಹಕ ತಾನೇ ಒಟಿಪಿ, ಪಾಸ್‌ವರ್ಡ್ ಕೊಟ್ಟು ಆದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ ಅವನೇ ಹೊರಬೇಕು, ತಿಳಿಸಿದ ನಂತರ ಆದ ನಷ್ಟ ಬ್ಯಾಂಕಿನದು ಎಂದು ಅದರಲ್ಲಿ ಹೇಳಿತ್ತು. ಪೊಲೀಸರ 1930 ನಂಬರಿನ ಉದ್ದೇಶವೂ ಇದೇ. ಬೇಗ ಫೋನ್ ಮಾಡಿದರೆ ದುಡ್ಡು ಕಳ್ಳನ ಕೈ ಸೇರುವ ಮೊದಲು ನಡುವಿನ ಖಾತೆಯಲ್ಲೇ ತಡೆದು ನಿಲ್ಲಿಸುವ ಸಾಧ್ಯತೆ ಇರುತ್ತದೆ. ನಮ್ಮ ಹುಡುಗನ ಕೈಯಲ್ಲಿ ಆ ಹೊತ್ತು ಇತ್ತು. ನನ್ನ ಹೆದರಿಕೆಯಿಂದ ಅವನು ಅದನ್ನು ಕಳೆದ.

ತಳ ಹಿಡಿದ ಪಾಯಸ

ಆ ಕೊಪ್ಪರಿಗೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಪಾಯಸ ತಳ ಹಿಡಿಯಿತು ಎಂದು ಕೂಡಲೇ ಹೇಳಿದರೆ ಭಟ್ರು ಸೌಟು ಹಾಕಿ ಕಲಕುವುದಿಲ್ಲ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸುತ್ತಾರೆ. ಮುಕ್ಕಾಲು ಪಾಯಸ ಉಳಿಯುತ್ತದೆ, ಊಟಕ್ಕೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಹೆದರಿ ಮುಚ್ಚಿಟ್ಟು ಕಲಕಿದರೆ ಸೀದ ವಾಸನೆ ಇಡೀ ಕೊಪ್ಪರಿಗೆಗೆ ಹತ್ತುತ್ತದೆ. ನನ್ನ ಸಹಾಯಕ ಅವತ್ತು ಕಲಕಿದ್ದು ಅದಕ್ಕೇ. ನಾನು ಅವನಿಗೆ ಶಿಕ್ಷೆ ಕೊಟ್ಟು ಉಳಿದವರಿಗೆಲ್ಲ ಕಲಿಸಿದ್ದು ‘ಜಾಗ್ರತೆ ಮಾಡಿ’ ಎಂಬ ಪಾಠವನ್ನಲ್ಲ, ‘ಸಿಕ್ಕಿಬೀಳಬೇಡಿ’ ಎಂಬುದನ್ನು.

ನಮ್ಮ ಕಸುಬಿನಲ್ಲಿ ಗದರಿಸುವುದು ಮಾಮೂಲು. ಒಲೆಯ ಮುಂದೆ, ಮುಹೂರ್ತದ ಒತ್ತಡದಲ್ಲಿ, ಸಾವಿರ ಜನರ ಊಟದ ಹೊಣೆ ಹೊತ್ತವನ ಬಾಯಿ ಮೆದುವಾಗಿರುವುದು ಕಷ್ಟ. ನಾವೆಲ್ಲ ಬೈಗುಳ ತಿಂದೇ ಮೇಲೆ ಬಂದವರು. ಆದರೆ ಫೋನಿನಲ್ಲಿ ಮಾತಾಡುವ ಆ ಕಳ್ಳ ನಮ್ಮ ಹುಡುಗರೊಂದಿಗೆ ನಮಗಿಂತ ಮರ್ಯಾದೆಯಿಂದ ಮಾತಾಡುತ್ತಾನೆ ಎಂಬುದನ್ನು ಮರೆಯಬಾರದು. ಕಷ್ಟ ಬಂದಾಗ ಹುಡುಗ ಧಣಿಯ ಕಡೆಗೆ ಓಡಿ ಬರಬೇಕೋ, ಧಣಿಯಿಂದ ಓಡಬೇಕೋ ಎಂಬುದನ್ನು ತೀರ್ಮಾನಿಸುವವರು ನಾವೇ.

‘ಶಿಕ್ಷೆ ಇಲ್ಲದಿದ್ದರೆ ಅಸಡ್ಡೆ ಹೆಚ್ಚುತ್ತದೆ’ ಎಂದು ಕೆಲವರು ಹೇಳಬಹುದು. ನಾನೂ ಹಾಗೆ ವಾದಿಸಿದವನೇ. ಈಗ ನನ್ನ ಅಭಿಪ್ರಾಯ ಬೇರೆ: ತಪ್ಪು ಗುಂಡಿ ಒತ್ತಿದ್ದಕ್ಕೆ ಶಿಕ್ಷೆ ಬೇಡ, ಮುಚ್ಚಿಟ್ಟದ್ದಕ್ಕೆ ಬೇಕಾದರೆ ಇರಲಿ. ಅದೂ, ‘ಹೇಳಿದರೆ ಏನೂ ಮಾಡುವುದಿಲ್ಲ’ ಎಂದು ಮೊದಲೇ ಎಲ್ಲರೆದುರು ಮಾತು ಕೊಟ್ಟ ಮೇಲೆ. ‘ನಮ್ಮದು ಅಡುಗೆ ಕಸುಬು, ಕಂಪ್ಯೂಟರ್ ಹುಡುಗರ ಕೆಲಸ’ ಎನ್ನುವ ಹಿರಿಯರಿಗೆ ಒಂದು ಮಾತು. ಪಾರ್ಟಿಯ ಅಡ್ವಾನ್ಸ್ ಈಗ ಗಲ್ಲಾದಲ್ಲಿಲ್ಲ, ಆ ಕಂಪ್ಯೂಟರಿನಲ್ಲಿದೆ. ಗಲ್ಲಾ ಯಾರ ಕೆಲಸವೋ ಕಂಪ್ಯೂಟರೂ ಅವರದೇ ಕೆಲಸ.

ನಾವು ಮಾಡಬಹುದಾದದ್ದು

ಆಫೀಸಿನಲ್ಲಿ ಈಗ ನಾನು ಕಂಪ್ಯೂಟರಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಸದಸ್ಯರು ಬೇಕಾದರೆ ಕತ್ತರಿಸಿಕೊಂಡು ಅಂಟಿಸಿಕೊಳ್ಳಬಹುದು:

1. ಪರದೆಯಲ್ಲಿ ವೈರಸ್ ಎಂದು ಫೋನ್ ನಂಬರ್ ಬಂದರೆ ಫೋನ್ ಮಾಡಬೇಡಿ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಪುಟ ಮುಚ್ಚಿ. ಆಗದಿದ್ದರೆ ಕಂಪ್ಯೂಟರನ್ನೇ ಆರಿಸಿ.

2. ಅಪರಿಚಿತರು ಹೇಳಿದ ಯಾವ ಆ್ಯಪನ್ನೂ ಹಾಕಬೇಡಿ. ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವುದು ಉಗ್ರಾಣದ ಕೀಲಿಕೈ ಕೊಟ್ಟ ಹಾಗೆ.

3. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಓದಿ ಹೇಳಬೇಡಿ.

4. ವೆಬ್‌ಸೈಟ್ ‘ನೋಟಿಫಿಕೇಶನ್ ಕಳಿಸಲೇ’ ಎಂದು ಕೇಳಿದರೆ ಬೇಡ ಎನ್ನಿ. ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂದು ಮೂಲೆಯಲ್ಲಿ ಪದೇ ಪದೇ ಬರುವ ಸುಳ್ಳು ಚೀಟಿಗಳು ಹೆಚ್ಚಾಗಿ ಅಲ್ಲಿಂದ ಬರುತ್ತವೆ.

5. ದುಡ್ಡು ಹೋಯಿತೆಂದು ತಿಳಿದ ಕೂಡಲೇ ಇಂಟರ್‌ನೆಟ್ ತಂತಿ ಕಿತ್ತು, ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಿ. ಆಮೇಲೆ ಧಣಿಗೆ ಹೇಳಿ. ಯಾರೂ ಬೈಯುವುದಿಲ್ಲ, ಸಂಬಳ ಹಿಡಿಯುವುದಿಲ್ಲ.

ಐದನೆಯದರ ಕೊನೆಯ ಸಾಲನ್ನು ನಾನು ಕೈಯಾರೆ ಬರೆದು ಸಹಿ ಹಾಕಿದ್ದೇನೆ.

ನಮ್ಮ ತಪ್ಪೂ ಒಂದಿದೆ. ಕೊತ್ತಂಬರಿಯಿಂದ ಗೇರುಬೀಜದವರೆಗೆ ಕಳಪೆ ಮಾಲು ತೆಗೆದುಕೊಳ್ಳದ ನಾವು, ಕಂಪ್ಯೂಟರಿಗೆ ಮಾತ್ರ ಕದ್ದ ವಿಂಡೋಸ್, ಎಲ್ಲಿಂದಲೋ ಇಳಿಸಿದ ಪುಕ್ಕಟೆ ಸಾಫ್ಟ್‌ವೇರ್ ಹಾಕಿಸುತ್ತೇವೆ. ಅಂಥ ಕಡೆಗಳಲ್ಲೇ ಇಂಥ ಬಲೆಗಳು ಹೆಚ್ಚು. ವಿಂಡೋಸ್ 10 ಮತ್ತು 11ರಲ್ಲಿ ಕಂಪನಿಯದೇ ಆಂಟಿವೈರಸ್ ಒಳಗೇ ಇದೆ, ಬೇರೆ ದುಡ್ಡು ಕೊಡಬೇಕಾಗಿಲ್ಲ. ಆದರೆ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯದನ್ನೇ ನಡೆಸುತ್ತಿರುವವರು ಈ ಸೀಸನ್ ಮುಗಿದ ಕೂಡಲೇ ಬದಲಾಯಿಸುವುದು ಒಳ್ಳೆಯದು.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಎರಡು. ಒಂದು, ಸದಸ್ಯರೆಲ್ಲ ಸೇರಿ ಒಬ್ಬ ನಂಬಿಕೆಯ ಕಂಪ್ಯೂಟರ್ ತಂತ್ರಜ್ಞನನ್ನು ವರ್ಷದ ಕರಾರಿನ ಮೇಲೆ ಇಟ್ಟುಕೊಳ್ಳೋಣ. ಗ್ಯಾಸ್ ಒಲೆಯ ರಿಪೇರಿಗೆ ಹೇಗೆ ಗೊತ್ತಿದ್ದ ಮೇಸ್ತ್ರಿ ಇದ್ದಾನೋ ಹಾಗೆ. ಪರದೆ ಕೆಂಪಾದಾಗ ಫೋನ್ ಮಾಡಲು ನಮ್ಮದೇ ಒಂದು ನಂಬರ್ ಇದ್ದರೆ ಹುಡುಗರು ಕಳ್ಳನ ನಂಬರಿಗೆ ಯಾಕೆ ಮಾಡುತ್ತಾರೆ? ಎರಡು, ಈ ಪತ್ರಿಕೆಯಲ್ಲಿ ಪ್ರತಿ ಸಂಚಿಕೆಗೆ ಅರ್ಧ ಕಾಲಂ ಬಿಟ್ಟುಕೊಡಿ. ಮೋಸ ಹೋದ ಸದಸ್ಯರು ಹೆಸರು ಹಾಕದೆ, ಏನಾಯಿತು, ಹೇಗಾಯಿತು ಎಂದು ನಾಲ್ಕು ಸಾಲು ಬರೆಯಲಿ. ಊರಿನ ಸಂಘದಿಂದ ಸನ್ಮಾನವಾದದ್ದನ್ನು ಫೋಟೋ ಸಮೇತ ಹಾಕಿಸಿಕೊಳ್ಳುವ ನಾವು, ಕಳೆದುಕೊಂಡದ್ದನ್ನೂ ಹಂಚಿಕೊಂಡರೆ ಇನ್ನೊಬ್ಬರ ಅಡ್ವಾನ್ಸ್ ಉಳಿಯುತ್ತದೆ.

ನಮ್ಮ ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಸಂಬಳದಲ್ಲಿ ಒಂದು ಪೈಸೆ ಹಿಡಿದಿಲ್ಲ. ಹೋದ ವಾರ ಫೋನ್ ಮಾಡಿ, ‘ಧಣಿ, ಒಂದು ಇಮೇಲ್ ಬಂದಿದೆ. ಆಂಟಿವೈರಸ್ ರಿನ್ಯೂ ಆಯ್ತು, ದುಡ್ಡು ಕಟ್ ಆಗ್ತದೆ, ಬೇಡದಿದ್ರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟಿದ್ದಾರೆ. ನಾನು ಮುಟ್ಟಲಿಲ್ಲ, ನಿಮಗೆ ಹೇಳಿದೆ’ ಎಂದ. ಪಾಯಸವನ್ನು ಕಲಕುವ ಮೊದಲೇ ಕರೆದ ಹಾಗಾಯಿತು. ಅದು ನನಗೆ ಸಾಕು.

– ಮುಂಬಯಿಯ ಒಬ್ಬ ಸದಸ್ಯ